ಅಳಿಸಿದ ಗೆರೆ, ತಿರುಗಿದ ತೊಲೆ

ದಕ್ಷಿಣ ಇಂಗ್ಲೆಂಡಿನ ಸುಣ್ಣಕಲ್ಲಿನ ನೆಲವನ್ನು ಅಗೆದು ಓದಿದ ಪುರಾತತ್ತ್ವಜ್ಞರ ಸಾಲಿನಲ್ಲಿ ಶ್ರೀಮತಿ ರೋಸಲಿಂಡ್ ಪಾರ್ಜೆಟರ್ ಅವರ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅವರ ವಿದ್ವತ್ತನ್ನು ಬಲ್ಲವರು ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟದಲ್ಲೇ ವಿವರಿಸಿದ್ದಾರೆ. ನಾನು ಬಿಸ್ಕತ್ತು ಕಾರ್ಖಾನೆಯ ಉಗ್ರಾಣದಲ್ಲಿ ದುಡಿಯುತ್ತ, ಸಂಜೆ ತರಗತಿಯಲ್ಲಿ ಅಷ್ಟಿಷ್ಟು ಕಲಿತು ಬಂದವನು. ಅವರ ಮೂವತ್ತಾರು ವರ್ಷಗಳ ಸೇವೆಯಲ್ಲಿ ನಾನು ಕಂಡದ್ದು ಕೊನೆಯ ಹನ್ನೊಂದನ್ನು ಮಾತ್ರ. ಅದರಲ್ಲೂ ಒಂದೇ ವಾರದ ಸಂಗತಿಯನ್ನು ಬರೆಯುತ್ತಿದ್ದೇನೆ. ಬರೆಯಬಹುದೇ ಎಂದು ಅವರನ್ನೇ ಎರಡು ಸಲ ಕೇಳಿಕೊಂಡಿದ್ದೇನೆ.

ಆಗ ನಾನು ಅವರ ಉತ್ಖನನ ತಂಡಕ್ಕೆ ಸೇರಿ ಎರಡು ತಿಂಗಳಾಗಿತ್ತು. ಮೂರನೆಯ ತಿಂಗಳ ಕೊನೆಗೆ ನನ್ನನ್ನು ಉಳಿಸಿಕೊಳ್ಳುವುದೋ ಬಿಡುವುದೋ ಅವರ ಒಂದು ಮಾತಿನಲ್ಲಿತ್ತು. ಹಳೆಯ ವಿಮಾನನೆಲೆಯೊಂದರಲ್ಲಿ ಹೊಸ ಕಟ್ಟಡ ಏಳುವ ಮೊದಲು ನೆಲವನ್ನು ಪರೀಕ್ಷಿಸುತ್ತಿದ್ದಾಗ, ಮಣ್ಣಿನ ಅಡಿಯಲ್ಲಿ ದುಂಡನೆಯ ದೊಡ್ಡ ಗುಂಡಿ ಸಿಕ್ಕಿತು. ಭಾರದ ಬಾಂಬರ್‌ಗಳನ್ನು ಉದ್ದನೆಯ ಓಡುದಾರಿಯಿಲ್ಲದೆ ಕವಣೆಯ ಕಲ್ಲಿನಂತೆ ಆಕಾಶಕ್ಕೆ ಎಸೆಯಲೆಂದು, ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ ಗುಟ್ಟಾಗಿ ಕಟ್ಟಿದ ಯಂತ್ರದ ಗುಂಡಿ ಅದು. ಅದರಿಂದ ಒಂದು ವಿಮಾನವೂ ಹಾರಲಿಲ್ಲ. ವಿಮಾನವನ್ನು ಗಾಳಿಗೆದುರಾಗಿ ನಿಲ್ಲಿಸುವ ತಿರುಗುಮಣೆಯ ಮೇಲೆ ಒಂದು ಉಕ್ಕಿನ ತೊಲೆ ಉಳಿದಿತ್ತು. ಮಣೆಯ ಸುತ್ತ ಕಾಂಕ್ರೀಟು ಸುರಿದು ಅದನ್ನು ಅಲುಗದಂತೆ ಮಾಡಿದ್ದರು.

ಸೋಮವಾರ ನಾನು ನಕ್ಷೆ ಬರೆದೆ. ತೊಲೆಯ ತುದಿ ಚರ್ಚಿನ ಗೋಪುರದತ್ತ ಇತ್ತು. ಮಂಗಳವಾರ ಬೆಳಿಗ್ಗೆ ನೋಡಿದರೆ ಅದು ಗೋಪುರವನ್ನು ಬಿಟ್ಟು ಪಾಪ್ಲರ್ ಮರಗಳ ಸಾಲಿನತ್ತ ಇತ್ತು. ನಮ್ಮ ಕಸುಬಿನಲ್ಲಿ ರಬ್ಬರು ನಿಷಿದ್ಧ. ಅಳತೆ ತಪ್ಪಿದರೆ ಅದರ ಮೇಲೆ ಒಂದೇ ಗೆರೆ ಎಳೆದು, ತಾರೀಖು ಹಾಕಿ, ಸಹಿ ಮಾಡಬೇಕು. ತಪ್ಪಿಗೆ ಸಹಿ ಮಾಡುವ ಧೈರ್ಯ ನನಗಾಗಲಿಲ್ಲ. ನಮ್ಮ ಕೆಲಸದ ಗುಡಿಸಲಿನಲ್ಲಿ ಕೂತು ಸೋಮವಾರದ ಗೆರೆಯನ್ನು ಅಳಿಸಿ ಹೊಸದನ್ನು ಎಳೆದೆ.

ಬುಧವಾರ ಸಿರಿಲ್ ಹಾಬ್ಲಿ ಎಂಬ ವೃದ್ಧರು ಬಂದರು. ಅಲ್ಲಿ ಕಾಂಕ್ರೀಟು ಸುರಿದವರಲ್ಲಿ ಅವರ ತಂದೆಯೂ ಒಬ್ಬರು. ಚಹಾ ಕೊಟ್ಟರೆ ಬೇಲಿಯಾಚೆಯಿಂದಲೇ ಈಸಿಕೊಂಡರು, ಒಳಗೆ ಕಾಲಿಡಲಿಲ್ಲ.

"ಗಾಳಿ ಎತ್ತಲಿಂದ ಬರ್ತದೋ, ಬೆಳಿಗ್ಗೆ ನೋಡಿದ್ರೆ ಅತ್ತ ತಿರುಗಿರ್ತಿತ್ತಂತೆ. ಯಾರೂ ಮುಟ್ಟದೇನೆ. ಅದಕ್ಕೇ ಕಾಂಕ್ರೀಟು ಹಾಕಿದ್ದು."

ರೋಸಲಿಂಡ್ ನಗಲಿಲ್ಲ. "ಹಾಕಿದ ಮೇಲೆ ನಿಂತಿತಾ?"

"ಹಾಕಿದ ಮೇಲೆ ಮಣ್ಣು ಮುಚ್ಚಿದ್ರಲ್ಲ ತಾಯಿ. ನೋಡಿದೋರು ಯಾರು?"

ಅವರು ಹೋದ ಮೇಲೆ ರೋಸಲಿಂಡ್ ನನ್ನ ನಕ್ಷೆಯನ್ನು ಬೆಳಕಿಗೆ ಹಿಡಿದರು. ಗಟ್ಟಿ ಪೆನ್ಸಿಲಿನ ಗೀರು ಹಾಳೆಯಲ್ಲಿ ಉಳಿದೇ ಇತ್ತು. ನನ್ನ ಕೆಲಸ ಹೋಯಿತೆಂದು ಕೈಗವಸು ಬಿಚ್ಚಿಟ್ಟೆ.

"ಅಳಿಸಿದ್ದೀಯಲ್ಲ ಲೆನ್."

"ತಪ್ಪಾಗಿದೆ ಅಂದ್ಕೊಂಡೆ."

"ಅಂದ್ಕೊಂಡ್ಯೋ, ಅಳೆದ್ಯೋ?"

ಎರಡೂ ದಿನ ಎರಡೆರಡು ಸಲ ಅಳೆದಿದ್ದೆ, ಹಾಗೆಂದೆ.

"ಹಾಗಾದ್ರೆ ತಪ್ಪು ತೊಲೇದು. ಕೈಗವಸು ಹಾಕ್ಕೋ, ಬಾ."

ಮಣೆಯ ಸುತ್ತಲಿನ ಕಾಂಕ್ರೀಟನ್ನು ಮಂಡಿಯೂರಿ ಬೆರಳಿನಿಂದ ತಡವಿ ನೋಡಿದೆವು. ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ. ದಿಕ್ಸೂಚಿ ಇಟ್ಟರೆ ಮೂರನೆಯದೇ ಒಂದು ಸಂಖ್ಯೆ ಬಂತು. ರೋಸಲಿಂಡ್ ಬೆರಳನ್ನು ಒದ್ದೆ ಮಾಡಿ ಗಾಳಿಗೆ ಎತ್ತಿ ಹಿಡಿದರು, ಗಾಳಿ ಬರುತ್ತಿದ್ದತ್ತಲೇ ನೆಟ್ಟಿದ್ದ ತೊಲೆಯ ತುದಿಯನ್ನು ನೋಡಿದರು, ಕೈ ಇಳಿಸಿದರು. ಅಳಿಸಿದ ಗೀರಿನಲ್ಲೇ ಮತ್ತೆ ಪೆನ್ಸಿಲು ಹರಿಸಿ, ಮೂರೂ ಅಳತೆಗಳನ್ನು ಬರೆದು, ಕೆಳಗೆ ತಮ್ಮ ಸಹಿ ಹಾಕಿದರು.

ಮರುದಿನ ವರದಿ ನೋಡಿದ ಮೇಲಧಿಕಾರಿಗಳು ಮೂರರಲ್ಲಿ ಒಂದನ್ನು ಉಳಿಸಿ ಎಂದರು. ರೋಸಲಿಂಡ್ ಒಪ್ಪಲಿಲ್ಲ. ಪಾರ್ಜೆಟರ್‌ಗೆ ಈಗ ಉತ್ತರ ದಿಕ್ಕೂ ಸಿಗುತ್ತಿಲ್ಲ ಎಂಬ ಕುಹಕ ಎಷ್ಟೋ ಕಾಲ ಕಚೇರಿಯಲ್ಲಿ ಓಡಾಡಿತು. ಆ ಅಳತೆ ತೆಗೆದವನು ಹೊಸಬ ಎಂದು ಒಂದು ಮಾತು ಆಡಿದ್ದರೆ ಅವರ ಹೆಸರು ಉಳಿಯುತ್ತಿತ್ತು, ನನ್ನ ಕೆಲಸ ಹೋಗುತ್ತಿತ್ತು. ಅವರು ಆಡಲಿಲ್ಲ.

ಶುಕ್ರವಾರ ಒಡೆಯುವ ಯಂತ್ರಗಳು ಬರುವುದಿತ್ತು. ಆ ಬೆಳಿಗ್ಗೆ ಎಲೆಯೂ ಅಲುಗದ ಮಂಜು. ಗಾಳಿಯೇ ಇಲ್ಲದ ಆ ದಿನ ತೊಲೆಯ ತುದಿ ನಮ್ಮ ಗುಡಿಸಲಿನ ಬಾಗಿಲಿಗೆ ನೇರವಾಗಿತ್ತು. ನನಗೆ ಹೆಜ್ಜೆ ಏಳಲಿಲ್ಲ. ರೋಸಲಿಂಡ್ ಅದರ ಎದುರಿನಿಂದಲೇ ನಡೆದುಹೋಗಿ ದಿಕ್ಸೂಚಿ ಇಟ್ಟು, "ಬರ್ಕೋ," ಎಂದರು. ಬರೆದುಕೊಂಡೆ. ಆ ಸಲ ಸಹಿ ನಾನೇ ಮಾಡಿದೆ.

ನಿವೃತ್ತಿಯ ನಂತರ ಆ ಗುಂಡಿಯ ಪೂರ್ಣ ವರದಿಯನ್ನು, ನಾಲ್ಕೂ ಸಂಖ್ಯೆಗಳ ಸಮೇತ, ಬರೆದು ಮುಗಿಸುವುದಾಗಿ ಅವರು ಹೇಳಿದ್ದಾರೆ. ಅದಕ್ಕೆ ಬೇಕಾದಷ್ಟು ಆಯುಸ್ಸೂ ಕಣ್ಣಿನ ಬೆಳಕೂ ಅವರಿಗಿರಲಿ. ಮತ್ತೆಲ್ಲಾದರೂ ಅಳೆಯಬೇಕೆನಿಸಿದರೆ, ಟೇಪಿನ ಇನ್ನೊಂದು ತುದಿ ಹಿಡಿಯಲು ನಾನಿದ್ದೇನೆ.