ಮೂರು ಮರಗಪ್ಪೆ, ಒಂದು ಶ್ರಾವಣ

ಗೋಕಾಕಿನ ನಮ್ಮ ಮನೆಯ ಹಳೆಯ ಬಚ್ಚಲು ಒಡೆಸುವಾಗ ಹಂಡೆಯ ಹಿಂದಿನ ಬಿರುಕಿನಲ್ಲಿ ಮೂರು ಮರಗಪ್ಪೆಗಳು ಸಿಕ್ಕವು. ಗೌಂಡಿ ಅವುಗಳ ಮೇಲೆಯೇ ಸಿಮೆಂಟು ಬಳಿಯುವುದರಲ್ಲಿದ್ದ. "ಗ್ವಾಡಿ ಒಳಗ ಇರ್ಲಿ ಬಿಡ್ರಿ ಸರ, ಮನಿ ತಂಪಿರತೈತಿ" ಎಂದ. ಚೇಷ್ಟೆಯೋ ನಂಬಿಕೆಯೋ ಅವನ ಮುಖ ನೋಡಿ ತಿಳಿಯಲಿಲ್ಲ. ನಾನು ಮೂರನ್ನೂ ಒದ್ದೆ ಬಟ್ಟೆ ಹಾಸಿದ ಬಕೆಟ್ಟಿನಲ್ಲಿ ಇಟ್ಟುಕೊಂಡು ಅದರ ಬಾಯಿಗೆ ಸೊಳ್ಳೆ ಪರದೆ ಕಟ್ಟಿದೆ.

ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು. ಕಪ್ಪೆಯ ಹೃದಯದಲ್ಲಿ ಮೂರು ಕೋಣೆಗಳಿರುತ್ತವೆ ಎಂದು ಪ್ರತಿ ವರ್ಷ ಹಲಗೆಯ ಮೇಲೆ ಬರೆದಿದ್ದೇನೆ. ಕಪ್ಪೆಗೆ ಇರಲು ಒಂದು ಕೋಣೆ ಕಟ್ಟುವುದು ಹೇಗೆ ಎಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಮೊಬೈಲಿನಲ್ಲಿ ನೋಡಿ ಕಲಿತೆ. ಅಲ್ಲಿ ಅದನ್ನು ವಿವೇರಿಯಂ ಎನ್ನುತ್ತಿದ್ದರು. ನನ್ನ ಹೆಂಡತಿ "ಕಪ್ಪಿ ಬಂಗ್ಲೆ" ಎಂದಳು. ಮನೆಯಲ್ಲಿ ಉಳಿದದ್ದು ಆ ಹೆಸರೇ.

ಗಾಜಿನ ಪೆಟ್ಟಿಗೆ ಮೂಡಲಗಿಯಲ್ಲಿ ಸಿಕ್ಕಿತು. ಮುಚ್ಚಿಹೋದ ಬೇಕರಿಯೊಂದರಲ್ಲಿ ಖಾರಿ, ಟೋಸ್ಟು ಇಡುತ್ತಿದ್ದ ಪೆಟ್ಟಿಗೆ ಅದು. ಡಾಲ್ಡಾದ ಜಿಡ್ಡು ಹೋಗುವವರೆಗೆ ಬಿಸಿನೀರಿನಲ್ಲಿ ತಿಕ್ಕಿದೆ. ಸೋಪು ಮುಟ್ಟಿಸಲಿಲ್ಲ, ಕಪ್ಪೆಯ ಚರ್ಮ ತನಗೆ ತಾಗಿದ್ದನ್ನೆಲ್ಲ ಕುಡಿದುಬಿಡುತ್ತದೆ. ತಳಕ್ಕೆ ಹೆಂಚಿನ ಚೂರು, ಅದರ ಮೇಲೆ ಪರದೆಯ ತುಂಡು, ಅದರ ಮೇಲೆ ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣು. ಮಣ್ಣು ಹುಡುಕುವುದೇ ಕಷ್ಟವಾಯಿತು. ನಮ್ಮ ಸುತ್ತಿನ ಕಬ್ಬಿನ ಹೊಲಗಳಿಗೆ ನಾವು ಉಣಿಸದ ವಿಷವಿಲ್ಲ. ಕೊನೆಗೆ ಊರ ಹೊರಗಿನ ಒಂದು ಆಲದ ಮರದ ಬುಡದಿಂದ ಎರಡು ಚೀಲ ತಂದೆ. ಕುಡಿಯುವ ನೀರಿಗೆ ಹಾಕುವ ಬ್ಲೀಚಿಂಗ್ ಪುಡಿ ಕಪ್ಪೆಗೆ ಆಗದು. ನಳದ ನೀರನ್ನು ಒಂದು ದಿನ ತೆರೆದಿಟ್ಟು ಆಮೇಲೆ ಚಿಮುಕಿಸುತ್ತಿದ್ದೆ.

ಗಿಡಕ್ಕಾಗಿ ಅರಭಾವಿಯ ಕಡೆ ಒಂದು ನರ್ಸರಿಗೆ ಹೋದೆ. ಕೀಟನಾಶಕಕ್ಕೆ ನಮ್ಮಲ್ಲಿ ಎಣ್ಣಿ ಎನ್ನುತ್ತಾರೆ.

"ಇವಕ್ಕ ಎಣ್ಣಿ ಹೊಡದೀರೇನ್ರಿ?" ಎಂದು ಕೇಳಿದೆ.

ನರ್ಸರಿಯವನಿಗೆ ಅವಮಾನವಾಯಿತು. "ಹೊಡೀದ ಕೊಡ್ತೇವೇನ್ರಿ? ಒಂದ ಹುಳಾ ಕಂಡ್ರ ಗಿಡಾ ವಾಪಸ್ ತಗೊಂಬರ್ರಿ."

"ನನಗ ಹುಳಾ ಇರೂ ಗಿಡಾನ ಬೇಕಾಗಿತ್ತು."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮನಿ ಪ್ಲಾಂಟು, ಎರಡು ಜರಿಗಿಡ ಕೊಟ್ಟು ಬೇಗ ಸಾಗಹಾಕಿದ. ಅವುಗಳ ಎಲೆಗಳನ್ನು ಒಂದು ತಿಂಗಳು ದಿನಾ ತೊಳೆದು, ಹಳೆಯ ಮಣ್ಣನ್ನು ಬೇರಿನಿಂದ ಬಿಡಿಸಿ, ಆಮೇಲೆ ನೆಟ್ಟೆ. ಅಲ್ಲಿಯವರೆಗೆ ಬಕೆಟ್ಟಿನಲ್ಲೇ ಇದ್ದ ಕಪ್ಪೆಗಳನ್ನು ಒಳಗೆ ಬಿಟ್ಟ ದಿನ ಅವು ಗಾಜಿಗೆ ಅಂಟಿಕೊಂಡು, ಕಾಲು ಮಡಚಿ, ಮೂರು ಮಣ್ಣಿನ ಮುದ್ದೆಗಳಾಗಿ ಕುಳಿತವು. ಹಗಲೆಲ್ಲ ಅಷ್ಟೇ. ನೋಡಲು ಬಂದ ಪಕ್ಕದ ಮನೆಯವರು ಕಾದು ಕಾದು, "ನಿಮ್ಮಂಗ ಇವೂ ರಿಟೈರ್ ಆಗ್ಯಾವೇನ್ರಿ ಸರ?" ಎಂದು ಕೇಳಿ ಚಹಾ ಕುಡಿದು ಹೋದರು.

ನಗಲಿ ಎಂದುಕೊಂಡೆ. ಸಿಮೆಂಟಿನಿಂದ ಎತ್ತಿಕೊಂಡ ಮೂರೂ ನನ್ನ ಕೈಯಲ್ಲಿ ಬದುಕಿ ಉಳಿಯಬೇಕು ಎಂಬುದೊಂದೇ ನನಗಿದ್ದ ಹಟ.

ಅವುಗಳಿಗೆ ಬೇಕಾದದ್ದು ಜೀವಂತ ಆಹಾರ. ಮಿಸುಕದ ವಸ್ತು ಕಪ್ಪೆಯ ಕಣ್ಣಿಗೆ ಆಹಾರವೇ ಅಲ್ಲ. ನಮ್ಮದೋ ತತ್ತಿಯೂ ಹೊಸ್ತಿಲು ದಾಟದ ಮನೆ. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಿಡತೆಗಳನ್ನು ಸಾಕಿ ಸಂಜೆಗೆ ಎರಡೆರಡು ಬಿಡುತ್ತಿದ್ದೆ. ಹೆಂಡತಿ ಆ ಹೊತ್ತಿಗೆ ಸರಿಯಾಗಿ ಅಡುಗೆ ಮನೆಯಲ್ಲಿ ಮಿಕ್ಸರ್ ಹಾಕುತ್ತಿದ್ದಳು. ಹೀಗೆ ಸುಖವಾಗಿದ್ದಾಗ ಶ್ರಾವಣ ಬಂತು. ಹುಕ್ಕೇರಿಯಿಂದ ನನ್ನ ಅಕ್ಕ ಬಂದಳು.

ಅಕ್ಕ ಮೊದಲ ಸಂಜೆಯೇ ಕಂಡಳು. "ತಮ್ಮಾ! ಶ್ರಾವಣದಾಗ ಮನ್ಯಾಗ ಜೀವಾ ತಗೀತೀಯಲ್ಲೋ!"

"ಕಪ್ಪಿ ಬ್ಯಾರೆ ಏನ ತಿಂತಾವಕ್ಕಾ?"

"ಅವಲಕ್ಕಿ ಹಾಕು. ಬಾಳಿಹಣ್ಣ ಹಾಕು. ರೂಢಿ ಆದ್ರ ತಿಂತಾವ. ನಿಮ್ಮ ಮಾವ ನನ್ನ ಕೈ ಅಡಿಗಿ ಉಂಡ ರೂಢಿ ಆಗಲಿಲ್ಲೇನು?"

ಅಕ್ಕನ ಗಂಡನಾದ ಆ ಮಾವ ತೀರಿಕೊಂಡು ಬಹಳ ದಿನವಾಗಿದೆ. ಬದುಕಿದ್ದಾಗ ಘೋಡಗೇರಿಯ ತಮ್ಮ ಹೊಲದ ಕಾಲುವೆಯಿಂದ ಗೋಣಿಚೀಲದಲ್ಲಿ ಕಪ್ಪೆ ತುಂಬಿಸಿ ನನ್ನ ಪ್ರಯೋಗಾಲಯಕ್ಕೆ ಕಳಿಸುತ್ತಿದ್ದವರು ಅವರೇ. ಶ್ರಾವಣವೆಂದು ಒಂದು ಸಲವೂ ತಪ್ಪಿಸಲಿಲ್ಲ. ಅವನ್ನು ಮೇಣದ ತಟ್ಟೆಗೆ ಸೂಜಿಯಿಂದ ಚುಚ್ಚಿ, ಹೊಟ್ಟೆ ಬಿಡಿಸಿ ಕಲಿತ ಅಕ್ಕನ ಮಗಳು ಈಗ ಡಾಕ್ಟರು. ಇದನ್ನು ನಾನು ಅಕ್ಕನಿಗೆ ನೆನಪಿಸಿದೆ.

"ಅದು ವಿದ್ಯಾ" ಎಂದಳು ಅಕ್ಕ. "ಇದು ಚೈನಿ."

ಚೈನಿ ಎಂದರೆ ನಮ್ಮ ಕಡೆ ಷೋಕಿ.

ಮರುದಿನ ಅಕ್ಕ ಮಿಡತೆಯ ಡಬ್ಬಿಯನ್ನು ಹಿತ್ತಲಿಗೆ ಒಯ್ದು, ದೇವರ ಹೆಸರು ಹೇಳಿ ಎಲ್ಲವನ್ನೂ ಬಿಟ್ಟಳು. ಬೇಲಿಯ ಮೇಲೆ ಕುಳಿತಿದ್ದ ಗೊರವಂಕಗಳು ಎರಡು ನಿಮಿಷದಲ್ಲಿ ಅವನ್ನು ಹೆಕ್ಕಿ ಮುಗಿಸಿದವು. ಅಷ್ಟರಲ್ಲಿ ಅಕ್ಕ ಒಳಗೆ ಬಂದಾಗಿತ್ತು, ಆದ್ದರಿಂದ ಅದು ಲೆಕ್ಕಕ್ಕೆ ಬರಲಿಲ್ಲ. ಗಾಜಿನೊಳಗೆ ಮೂರು ದಿನ ಅವಲಕ್ಕಿ ಬಿತ್ತು. ಅದಕ್ಕೆ ಬೂಸು ಹಿಡಿಯಿತೇ ಹೊರತು ಕಪ್ಪೆ ಹಿಡಿಯಲಿಲ್ಲ. ನಾಲ್ಕನೆಯ ದಿನ ಚಿಕ್ಕ ಕಪ್ಪೆಯ ಸೊಂಟದ ಎಲುಬು ಎದ್ದು ಕಾಣುತ್ತಿತ್ತು. ಅಕ್ಕನಿಗೆ ತೋರಿಸಿದೆ. ಅವಳು ನೋಡಿದಳು, ಬಹಳ ಹೊತ್ತು ನೋಡಿದಳು.

ಪರಿಹಾರ ಕಂಡುಹಿಡಿದವಳೂ ಅವಳೇ. ಸಂಜೆ ಜಾಳಿಗೆಯ ಮುಚ್ಚಳ ತೆಗೆದಿಡುವುದು, ಪೆಟ್ಟಿಗೆಯ ಮೇಲೆ ದೀಪ ಹಚ್ಚುವುದು, ಪಡಸಾಲೆಯ ಉಳಿದ ದೀಪಗಳನ್ನೆಲ್ಲ ಆರಿಸುವುದು. "ನಾವು ಯಾರನ್ನೂ ಕರದಿಲ್ಲ, ಯಾರನ್ನೂ ಕೊಂದಿಲ್ಲ. ದೀಪಾ ಹಚ್ಚೇವಿ, ಅಷ್ಟ. ಬರೂ ಹುಳಾ ತನ್ನ ಕರ್ಮಕ್ಕ ತಾ ಬರತೈತಿ."

ಮುಚ್ಚಳ ತೆರೆದಿಟ್ಟರೆ ಒಳಗಿನದೂ ಹೊರಗೆ ಬರುತ್ತದೆ ಎಂದು ನಾನು ಹೇಳಬೇಕಿತ್ತು. ಜೀವಶಾಸ್ತ್ರ ಕಲಿಸಿದ ನಾನು ಹೇಳಲಿಲ್ಲ. ಪಾಪದ ಮಾತು ಕೇಳುವುದು ತಪ್ಪಿತಲ್ಲ ಎಂದು ಸಮಾಧಾನವಾಗಿತ್ತು. ಮಳೆಹುಳುಗಳು ಬಂದವು, ಪತಂಗಗಳು ಬಂದವು, ಕಪ್ಪೆಗಳು ಮೈದುಂಬಿದವು. ಅಕ್ಕ ಕುರ್ಚಿ ಎಳೆದುಕೊಂಡು ಪೆಟ್ಟಿಗೆಯ ಮುಂದೆಯೇ ಕುಳಿತು ಜಪ ಮಾಡತೊಡಗಿದಳು. ನಡುನಡುವೆ ದನಿ ತಗ್ಗಿಸಿ, "ಬಲಕ್ಕ ನೋಡ, ಬಲಕ್ಕ! ಏ ಕುಡ್ಡಿ, ಎಲಿ ಮ್ಯಾಲ ಐತಿ" ಎನ್ನುತ್ತಿದ್ದಳು. ಕರ್ಮಕ್ಕೆ ಇಷ್ಟು ದಾರಿ ತೋರಿಸಬಹುದು ಎಂದು ನನಗೆ ಗೊತ್ತಿರಲಿಲ್ಲ.

ಶ್ರಾವಣದ ಎರಡನೆಯ ಸೋಮವಾರ ಆದದ್ದನ್ನು ಕಂಡಷ್ಟೇ ಬರೆಯುತ್ತೇನೆ. ದೀಪ ಹಚ್ಚುವ ಹೊತ್ತು. ಅಕ್ಕ ದೇವರ ಕೋಣೆಯಲ್ಲಿದ್ದಳು. ಚಿಕ್ಕ ಕಪ್ಪೆ ಪೆಟ್ಟಿಗೆಯ ಅಂಚಿಗೆ ಬಂತು. ಅಲ್ಲಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ ಜಿಗಿಯಿತು. ದೇವರ ಕೋಣೆಯ ಹೊಸ್ತಿಲಿನ ಈಚೆ, ಕತ್ತಲಲ್ಲಿ ಕುಳಿತಿತು. ನಾನು ಎದುರಿನ ಕುರ್ಚಿಯಲ್ಲಿದ್ದೆ. ಎದ್ದರೆ ಅದು ಗಾಬರಿಯಾಗಿ ಒಳಗೆ ಹಾರೀತು ಎಂದು ಎಣಿಸುತ್ತಿದ್ದೆ. ಅಕ್ಕ ಆರತಿ ತಟ್ಟೆ ಹಿಡಿದು ಹೊರಬಂದಳು. ತಟ್ಟೆಯ ಬೆಳಕು ಅವಳ ಮುಖದ ಮೇಲಿತ್ತು, ನೆಲದ ಮೇಲೆ ಇರಲಿಲ್ಲ. "ನಿಲ್ಲು" ಎನ್ನುವಷ್ಟು ಹೊತ್ತು ಇತ್ತು. ನಾನು ಅನ್ನಲಿಲ್ಲ. ಅವಳ ಬಲಗಾಲು ಅದರ ಮೇಲೆ ಬಿತ್ತು. ಅವಳು ನಡೆದು ಹೋದಳು.

ನಾನು ಅದನ್ನು ಕಾಗದದಲ್ಲಿ ಎತ್ತಿ ದಾಸವಾಳದ ಬುಡದಲ್ಲಿ ಮುಚ್ಚಿದೆ. ಕೈಯ ಮಣ್ಣು ಅಕ್ಕನಿಗೆ ಕಾಣದಿರಲೆಂದು ಹಿತ್ತಲಲ್ಲೇ ತೊಳೆದುಕೊಂಡೆ. ಒಂದು ಕಪ್ಪೆ ಇಲ್ಲವೆಂದು ಹೆಂಡತಿ ಕೂಗಿದಾಗ, ಗೋಡೆ ಹತ್ತಿ ಹೋಗಿರಬೇಕು ಎಂದೆ. ಅಂದಿನಿಂದ ಮುಚ್ಚಳ ಮುಚ್ಚಿಯೇ ಇಟ್ಟು, ಅಕ್ಕ ಮಲಗಿದ ಮೇಲೆ ಒಂದೆರಡು ಮಿಡತೆ ಹಾಕುತ್ತಿದ್ದೆ.

ಮರುದಿನದಿಂದ ಅಕ್ಕ ಬಂದವರಿಗೆಲ್ಲ ಹೇಳತೊಡಗಿದಳು. "ಒಂದಕ್ಕ ಬಿಡುಗಡಿ ಆತ್ರಿ. ಸೋಮಾರ ದಿನಾನ ಹೋತು. ಪುಣ್ಯವಂತ ಜೀವ."

"ಎಲ್ಲಾ ನಿಮ್ಮ ಕಾಲ್ಗುಣರಿ ಅಕ್ಕಾರ!" ಎಂದರು ಪಕ್ಕದ ಮನೆಯವರು.

ನಾನು ಚಹಾದ ಬಸಿಯನ್ನು ಕೆಳಗಿಟ್ಟೆ.

ಮುಂದಿನ ಸೋಮವಾರದ ಹೊತ್ತಿಗೆ ಅಕ್ಕನ ಪುಣ್ಯ ಇನ್ನೂ ಬೆಳೆದಿತ್ತು. ಪೆಟ್ಟಿಗೆಯನ್ನು ತಲಬಾಗಿಲ ಬಳಿ ಇಟ್ಟು, ಮುಚ್ಚಳವನ್ನು ತೆಗೆದೇಬಿಡೋಣ, ಉಳಿದ ಎರಡಕ್ಕೂ ದಾರಿ ಆಗಲಿ ಎಂದಳು. ಬಾಗಿಲ ಮುಂದೆ ಡಾಂಬರು ರಸ್ತೆ, ಕಬ್ಬಿನ ಟ್ರ್ಯಾಕ್ಟರು ಓಡಾಡುವ ರಸ್ತೆ. ಅಕ್ಕ ಮುಚ್ಚಳಕ್ಕೆ ಕೈ ಹಾಕಿದಳು. ನಾನು ಅವಳ ಮಣಿಕಟ್ಟು ಹಿಡಿದೆ.

"ಅಕ್ಕಾ, ಅದು ಹೋಗಿಲ್ಲ. ನಿನ್ನ ಕಾಲಾಗ ಸಿಕ್ಕ ಸತ್ತೈತಿ. ನಾ ನೋಡೇನಿ."

ಅಕ್ಕ ನನ್ನ ಕಡೆ ನೋಡಲಿಲ್ಲ.

"ಬರಿಗಾಲಿಗೆ ಗೊತ್ತಾಗೂದಿಲ್ಲೇನೋ?" ಎಂದಳು. "ಬಚ್ಚಲಕ್ಕ ಹೋಗಿ ಎರಡ ಸಲ ತೊಳಕೊಂಡೆ. ನೀ ಗ್ವಾಡಿ ಹತ್ತಿ ಹೋತ ಅಂದಿ. ಹೋತ ಅಂದ್ರ ಹೋತ ಅನಕೊಂಡೆ."

ನಾನು ಅವಳ ಮಣಿಕಟ್ಟು ಬಿಟ್ಟೆ. ಆಮೇಲೆ ಅಕ್ಕ ಮುಚ್ಚಳವನ್ನು ಸರಿಯಾಗಿ ಕೂರಿಸಿ, ನಾಲ್ಕೂ ಮೂಲೆ ಒತ್ತಿ ನೋಡಿದಳು.

"ಹಿತ್ತಲದಾಗ ಮಿಡಚಿ ಸಿಗತಾವೇನು?"

ಬೆಳಿಗ್ಗೆಯೇ ಹಿಡಿದಿಟ್ಟಿದ್ದೆ. ಹೇಳಿದೆ.

"ಹಂಗಾರ ಹಾಕು. ನಾ ಆ ಕಡೆ ಮಾರಿ ಮಾಡ್ತೇನಿ."

ಅಕ್ಕ ಗೋಡೆಯ ಕಡೆ ತಿರುಗಿ ನಿಂತಳು. ನಾನು ಮುಚ್ಚಳದ ಒಂದು ಮೂಲೆ ಎತ್ತಿ ಮಿಡತೆಯನ್ನು ಬಿಟ್ಟೆ. ಅದು ಜರಿಗಿಡದ ಮೇಲೆ ಕುಳಿತಿತು. ಕಪ್ಪೆ ಒಂದು ಕಾಲು ಮುಂದಿಟ್ಟಿತು.

"ಹಿಡೀತೇನೋ?" ಗೋಡೆಯ ಕಡೆಯಿಂದ ಅಕ್ಕ ಕೇಳಿದಳು.

"ಇನ್ನೂ ಇಲ್ಲಕ್ಕಾ" ಎಂದೆ.