ಎರಡು ಅಭಿಪ್ರಾಯಗಳಿಗಾಗಿ ಹುಕ್ಕೇರಿಯವರೆಗೆ

ಬಸ್ಸು ಗೋಕಾಕ ಬಿಟ್ಟಾಗ ಬೆಳಗಿನ ಎಂಟೂವರೆ. ನನ್ನ ಚೀಲದಲ್ಲಿ ಎರಡು ಡಬ್ಬಿ ಕರದಂಟು, ಒಂದು ಬಾಟಲಿ ನೀರು. ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಎಂದಿನಂತೆ ಮಡಚಿ ಪರ್ಸಿನಲ್ಲಿಟ್ಟೆ.

ಕನ್ನಡ ಅಕ್ಷರಗಳಲ್ಲೇ ವೆಬ್ ವಿಳಾಸ ಬರೆಯಲು ನಿಯಮ ಮಾಡುವ ಗುಂಪೊಂದರಲ್ಲಿ ನಾವು ಮೂವರು ಕೆಲವು ವರ್ಷ ಕೆಲಸ ಮಾಡಿದ್ದೆವು. ಮೂಡಲಗಿಯಲ್ಲಿ ಮುದ್ರಣಾಲಯ ನಡೆಸುವ ಬಸಪ್ಪ ಕಾಕಾ, ಹುಕ್ಕೇರಿಯ ನಿವೃತ್ತ ಶಿಕ್ಷಕಿ ಶಾಂತಕ್ಕ, ಮತ್ತು ಸಭೆಯ ನಡಾವಳಿ ಬರೆಯುತ್ತಿದ್ದ ನಾನು. ಆ ಗುಂಪು ಅಂತರ್ಜಾಲದ ನಿಯಮಗಳನ್ನು ರೂಪಿಸುವ ದೊಡ್ಡ ಸಂಸ್ಥೆಯೊಂದಕ್ಕೆ ಸೇರಿದ್ದು. ಈಗ ಅದರ ಆಡಳಿತ ಮೇಲ್ವಿಚಾರಣಾ ಸಮಿತಿಗೆ ನನ್ನ ಹೆಸರು ಹೋಗಿತ್ತು. ಆಯ್ಕೆ ಮಂಡಳಿಯು ನನ್ನ ಜತೆ ದುಡಿದವರ ಅಭಿಪ್ರಾಯವನ್ನು ಗೌಪ್ಯವಾಗಿ ಪಡೆಯುತ್ತದೆ ಎಂದು ಪತ್ರ ಬಂತು. ನಮ್ಮ ಕಡೆ ಒಬ್ಬರಿಂದ ಒಂದು ಒಳ್ಳೆಯ ಮಾತು ಬೇಕಾದರೆ ಅವರ ಮನೆಗೆ ಹೋಗಿ, ಕೂತು ಕೇಳುವುದು ರೂಢಿ. ಹಾಗಾಗಿ ಹೊರಟೆ. ಗೌಪ್ಯವೆಂದರೆ ಹೊರಗಿನವರಿಗೆ ತಿಳಿಯಬಾರದು ಅಷ್ಟೇ ಎಂದುಕೊಂಡಿದ್ದೆ. ನಾನೂ ಹೊರಗಿನವಳೆಂದು ಹೊಳೆದಿರಲಿಲ್ಲ.

ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಮೂಡಲಗಿ ಮುಟ್ಟಲು ಒಂದು ತಾಸಿನ ಮೇಲಾಯಿತು.

“ಬಾರವಾ, ಇಂಟರ್ನೆಟ್ಟಿಗೇ ಗೌಡ್ತಿ ಆಗಾಕತ್ತೀಯಂತ!” ಕಾಕಾ ಯಂತ್ರ ನಿಲ್ಲಿಸಿ ಕೂಗಿದರು.

“ಇಲ್ರಿ ಕಾಕಾ. ನಿಯಮ ಮಾಡೋರು ಬ್ಯಾರೆ. ಅವರ ಸಭಾ ಎಲ್ಲಿ ಆಗಬೇಕು, ಆಫೀಸಿನ್ಯಾಗ ಯಾರಿರಬೇಕು, ಗುತ್ತಿಗಿ ಯಾರಿಗೆ ಹೋಗಬೇಕು ಅಂತ ನೋಡೋ ಸಮಿತಿ ಇದು. ನಿಯಮಕ್ಕ ಕೈ ಹಚ್ಚಂಗಿಲ್ಲ.”

“ಅಂದ್ರ ಲಗ್ನದಾಗ ಪೆಂಡಾಲ್, ಅಡಗಿ ನೋಡೋ ಹಿರೇತನ. ಗಂಡು-ಹೆಣ್ಣಿನ ಮಾತಿಗೆ ಬಾಯಿ ಹಾಕಂಗಿಲ್ಲ!”

ನನಗೇ ಪೂರ್ತಿ ತಿಳಿಯದಿದ್ದ ಸಮಿತಿ ಅವರಿಗೆ ಅರ್ಧ ನಿಮಿಷದಲ್ಲಿ ತಿಳಿಯಿತು. ಕರದಂಟಿನ ತುಂಡೊಂದನ್ನು ಬಾಯಿಗಿಟ್ಟುಕೊಂಡು, ಹಿಂದಿನ ದಿನ ಮಂಡಳಿಗೆ ಕಳಿಸಿದ್ದ ಅಭಿಪ್ರಾಯವನ್ನು ಮೊಬೈಲಿನಿಂದ ಗಟ್ಟಿಯಾಗಿ ಓದಿದರು. ‘ಈಕೆ ಬಹಳ ನಿಧಾನ. ಆದರೆ ನಡಾವಳಿಯಲ್ಲಿ ತಪ್ಪಾದರೆ ಮುಂದಿನ ಸಭೆಯಲ್ಲಿ ತಾನೇ ಎದ್ದು ಹೇಳುತ್ತಾಳೆ.’ ನಿಧಾನ ಎಂದದ್ದಕ್ಕೆ ಸ್ವಲ್ಪ ಬೇಜಾರಾಯಿತು. ಚಹಾ ಕುಡಿದು ಎದ್ದೆ.

ತುಕ್ಕಾನಟ್ಟಿ ದಾಟಿ ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಹುಕ್ಕೇರಿಗೆ ಬಂದಾಗ ಎರಡು ಗಂಟೆ. ಬಿಸಿಲು ಚುರುಕಾಗಿತ್ತು. ಶಾಂತಕ್ಕ ನಗುತ್ತಲೇ ಬಾಗಿಲು ತೆಗೆದರು. ಡಬ್ಬಿ ನೋಡಿ ನಗು ನಿಂತಿತು.

“ಅಭಿಪ್ರಾಯದ ಸಲುವಾಗಿ ಬಂದೀಯೇನು?”

“ಹೌದ್ರಿ ಅಕ್ಕಾರ.”

“ಖರೇನ ಮಳ್ಳಿ ಇದ್ದೀ. ಯಾರು ಏನು ಬರದ್ರಂತ ನಿನಗ ಗೊತ್ತಾಗಬಾರದು. ಹಿಂಗ ಮನಿಮನಿ ತಿರಗೀದಿ ಅಂತ ಮಂಡಳಿಗೆ ತಿಳದ್ರ ನಿನ್ನ ಹೆಸರ ತಗೀತಾರ.”

“ಬಸಪ್ಪ ಕಾಕಾ ಓದಿ ತೋರಿಸಿದ್ರಿ,” ಎಂದೆ.

“ಅವರೊಬ್ಬರು! ನಿನಗಿಂತ ಶಾಣ್ಯಾ.”

“ಈಗೇನ ಮಾಡ್ಲಿರಿ?”

“ನಾ ಹೇಳಂಗಿಲ್ಲ. ಹೇಳಿದ್ರ ಅದೂ ಅಭಿಪ್ರಾಯ ಆಕ್ಕೈತಿ. ಕೈಕಾಲು ತೊಳಕೊ, ಉಣ್ಣು.”

ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಬಡಿಸಿದರು. ಡಬ್ಬಿಯನ್ನು ಮಾತ್ರ ಮುಟ್ಟಲಿಲ್ಲ. ಹೊರಡುವಾಗ ಅದನ್ನು ನನ್ನ ಚೀಲಕ್ಕೇ ಹಾಕಿ, “ಆಯ್ಕಿ ಮುಗದ ಮ್ಯಾಲ ತಾ,” ಎಂದರು. ಅವರ ಮನೆಯ ಊಟ ನಾನು ಉಣ್ಣಬಹುದು, ನನ್ನ ಕರದಂಟು ಅವರು ತಿನ್ನಬಾರದು. ಈ ಲೆಕ್ಕ ಬಸ್ ನಿಲ್ದಾಣದವರೆಗೂ ಬಗೆಹರಿಯಲಿಲ್ಲ.

ಧುಪದಾಳದ ಹತ್ತಿರ ಬಸ್ಸು ತುಸು ಹೊತ್ತು ನಿಂತಿತು. ಮೊಬೈಲ್ ತೆಗೆದು ಮಂಡಳಿಗೆ ಬರೆದೆ: ಎರಡು ಮನೆಗೆ ಹೋದದ್ದು, ಕರದಂಟು ಒಯ್ದದ್ದು, ಒಬ್ಬರ ಅಭಿಪ್ರಾಯ ಕೇಳಿಸಿಕೊಂಡದ್ದು, ಇನ್ನೊಬ್ಬರು ಬಾಯಿ ಬಿಡದೆ ಇದ್ದದ್ದು. ತಪ್ಪು ನನ್ನದು, ಅವರಿಬ್ಬರದಲ್ಲ ಎಂದು ಕೊನೆಗೆ ಸೇರಿಸಿದೆ. ಎರಡು ಸಲ ಓದಿ ಕಳಿಸಿದೆ. ಕಾಕಾ ಹೇಳಿದಂತೆ ನಿಧಾನವೇ. ಅಷ್ಟರಲ್ಲಿ ಬಸ್ಸು ಹೊರಟಿತ್ತು.

ಗೋಕಾಕ ಬರುವವರೆಗೂ ಡಬ್ಬಿ ತೊಡೆಯ ಮೇಲಿತ್ತು. ಅದರ ದಾರ ಬಿಚ್ಚಲಿಲ್ಲ. ನನ್ನ ಹೆಸರು ಉಳಿಯಲಿ, ಹೋಗಲಿ, ಅದನ್ನು ಹಿಡಿದು ಇನ್ನೊಮ್ಮೆ ಹುಕ್ಕೇರಿಗೆ ಹೋಗಲೇಬೇಕು.