ಕಾಕು ಕೆಚ್ಚಿಸಿಕೊಂಡ ಪಾಟಿ

ಮೊದಲು ಬಂದದ್ದು ಗಂಜಿಯ ವಾಸನೆ, ಮಗ್ಗದ ಮನೆಗಳ ನೂಲಿನ ಗಂಜಿ. ಆಮೇಲೆ ಚೀಲದಿಂದ ಅದು ಹೊರಬಂತು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ದಪ್ಪನೆಯ ಟ್ಯಾಬ್ಲೆಟ್ ಕಂಪ್ಯೂಟರ್. ಕಳೆದ ವಾರ ನನ್ನ ರಿಪೇರಿ ಅಂಗಡಿಯ ಮೇಜಿನ ಮೇಲೆ ಅದನ್ನಿಟ್ಟವಳು ಕಾಕುವಿನ ಸೊಸೆ. ಕಾಕು ತೀರಿಹೋಗಿ ವರ್ಷದ ಮೇಲಾಯಿತು... ಬಟ್ಟೆಯನ್ನು ನಾನು ಮೆಲ್ಲಗೆ ಬಿಚ್ಚಿದೆ.

ಕಾಕು ಎಂದರೆ ಚಿಕ್ಕಮ್ಮ, ಆದರೆ ನನಗೇನೂ ರಕ್ತಸಂಬಂಧದವರಲ್ಲ. ರಬಕವಿಯಲ್ಲಿ ನನ್ನ ಅಂಗಡಿಯ ಹಿಂದಿನ ಮನೆಯವರು, ಓಣಿಗೆಲ್ಲ ಕಾಕು. ಸೀರೆಯ ದಡಿಗೆ ಅಂದರೆ ಅಂಚಿಗೆ, ಸೆರಗಿಗೆ ಚಿತ್ತಾರ ಬರೆದುಕೊಡುವುದು ಅವರ ಕೆಲಸ. ಬಾಯಿ ಜೋರು. ಅವರಿಂದ ಬೈಸಿಕೊಳ್ಳದವರು ಓಣಿಯಲ್ಲಿ ಇರಲಿಲ್ಲ, ಅವರು ಬರೆದ ದಡಿಯನ್ನು ನೇಯದ ಮಗ್ಗವೂ ಇರಲಿಲ್ಲ. ಗ್ರಾಫ್ ಹಾಳೆಯ ಸಣ್ಣ ಚೌಕಗಳು ಕಣ್ಣಿಗೆ ಕಾಣದಂತಾದಾಗ, ಇನ್ನು ಮುಗಿಯಿತು ಇವರ ಕೆಲಸ ಎಂದು ಎಲ್ಲರೂ ತಿಳಿದರು. ಕಾಕು ಮಾತ್ರ ಮಹಾರಾಷ್ಟ್ರದ ಇಚಲಕರಂಜಿಗೆ ಹೋಗಿ, ಯಾರೋ ಬಳಸಿ ಬಿಟ್ಟಿದ್ದ ಈ ಟ್ಯಾಬ್ಲೆಟ್ ಕೊಂಡು ತಂದರು. ದಡಿ ಬರೆಯುವ ಪ್ರೋಗ್ರಾಂ ಅದರೊಳಗೇ ಇತ್ತು. ತೆರೆಯನ್ನು ತಿರುಗಿಸಿ ಕೀಬೋರ್ಡಿನ ಮೇಲೆ ಮಡಚಿದರೆ ಸಾಲಿ ಮಕ್ಕಳ ಪಾಟಿಯಂತೆ, ಸ್ಲೇಟಿನಂತೆ ಆಗುತ್ತಿತ್ತು, ಪೆನ್ನಿನಿಂದ ಅದರ ಮೇಲೇ ಬರೆಯಬಹುದಿತ್ತು, ಚೌಕಗಳನ್ನು ಬೇಕಾದಷ್ಟು ಹಿಗ್ಗಿಸಬಹುದಿತ್ತು. ಅವರ ಬಾಯಲ್ಲಿ ಅದು ಕೊನೆಯವರೆಗೂ ಪಾಟಿಯೇ.

ಒಂದು ದಿನ ಪಾಟಿ ತಂದು ನನ್ನ ಮುಂದೆ ಇಟ್ಟರು. ಶುರುವಾಗುವುದಕ್ಕೆ ಯುಗ ಹಿಡಿಯುತ್ತಿತ್ತು. ಕಿವಿಗೊಟ್ಟು ಕೇಳಿದೆ, ಒಳಗೆ ಹಾರ್ಡ್‌ಡಿಸ್ಕ್ ಟಕ್ ಟಕ್ ಎನ್ನುತ್ತಿತ್ತು. ದಿನವಿಡೀ ಪವರ್‌ಲೂಮ್ ನೆಲ ನಡುಗಿಸುವ ಮನೆಯಲ್ಲಿ, ತಿರುಗುವ ತಟ್ಟೆಯ ಡಿಸ್ಕ್ ಅಷ್ಟು ಕಾಲ ಬಾಳಿದ್ದೇ ಹೆಚ್ಚು. ಎಸ್‌ಎಸ್‌ಡಿ ಹಾಕೋಣ, ಅದರೊಳಗೆ ತಿರುಗುವಂಥದ್ದು ಏನೂ ಇಲ್ಲ, ಎಲ್ಲವನ್ನೂ ಹೊಸದಾಗಿ ತುಂಬಿಕೊಡುತ್ತೇನೆ ಎಂದೆ.

“ಮತ್ತ ನನ್ನ ದಡಿ ಬರಿಯೂ ಪ್ರೋಗ್ರಾಂ?”

ಅದಕ್ಕೆ ಮೂಲ ಸಿ.ಡಿ. ಬೇಕು. ಸಿ.ಡಿ. ಇರಲಿಲ್ಲ, ಮಾರಿದವನ ಅಂಗಡಿಯೂ ಆಗಲೇ ಮುಚ್ಚಿತ್ತು. ಹೊಸದಾಗಿ ತುಂಬಿದರೆ ಪ್ರೋಗ್ರಾಂ ಹೋಗುತ್ತದೆ. ಪ್ರೋಗ್ರಾಂ ಹೋದರೆ ಕಾಕುವಿಗೆ ಮತ್ತೆ ಗ್ರಾಫ್ ಹಾಳೆಯೇ ಗತಿ, ಅಂದರೆ ಬರೆಯುವುದು ಅಲ್ಲಿಗೆ ಮುಗಿದಂತೆ.

“ಲೇ ತಮ್ಮಾ, ಹಾಸು ತೀರಿದ್ರ ಮಗ್ಗಾನ ಬಿಚ್ಚಿ ಒಗೀತಾರೇನು? ಹಳೀ ಎಳಿಗೆ ಹೊಸಾ ಎಳಿ ಕೆಚ್ಚತಾರ. ನೀನೂ ಹಂಗ ಕೆಚ್ಚಿ ಕೊಡು.”

ಕೆಚ್ಚುವುದೆಂದರೆ, ಮಗ್ಗದ ಮೇಲಿನ ಹಾಸಿನ ಉದ್ದನೆಯ ನೂಲು ಮುಗಿಯುವ ಹೊತ್ತಿಗೆ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುವುದು. ಹಳೆಯ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಇದ್ದ ಹಾಗೆಯೇ ಹೊಸದಕ್ಕೆ ಇಳಿಸುವುದಕ್ಕೆ ನಾವು ಅಂಗಡಿಯವರು ಕ್ಲೋನ್ ಎನ್ನುತ್ತೇವೆ. ಅದಕ್ಕೆ ನಮ್ಮ ಓಣಿಯಲ್ಲೇ ಇಷ್ಟು ಚಂದದ ಹೆಸರಿದೆ ಎಂದು ಖುಷಿಯಾಯಿತು. ಆದರೆ ಹಳೆಯದು ಪ್ರಾಣ ಬಿಡುವ ಮೊದಲು ಕೆಲಸ ಆಗಬೇಕಿತ್ತು.

ಎರಡೂ ಡಿಸ್ಕ್ ಜೋಡಿಸಿ ಶುರು ಮಾಡಿದೆ. ಅರ್ಧದವರೆಗೆ ಸರಾಗವಾಗಿ ಹೋಯಿತು. ಆಮೇಲೆ ತೆರೆಯ ಮೇಲಿನ ಅಂಕಿ ನಿಂತೇಬಿಟ್ಟಿತು, ಟಕ್ ಟಕ್ ಜೋರಾಯಿತು. ಅಕ್ಕಪಕ್ಕದ ಮಗ್ಗಗಳ ಹೊಡೆತಕ್ಕೆ ನನ್ನ ಮೇಜೇ ಅಲುಗುತ್ತಿತ್ತು. ಆರಿಸಿ ಬೇರೆ ಕಡೆ ಒಯ್ಯೋಣವೆಂದರೆ, ಒಮ್ಮೆ ಆರಿದ ಡಿಸ್ಕ್ ಮತ್ತೆ ಏಳುವ ಭರವಸೆ ಇರಲಿಲ್ಲ. “ಈ ನಡುಕ ನಿಂತ್ರ ದಾಟತೈತೇನೋ ಕಾಕು,” ಎಂದೆ. ಸುಮ್ಮನೆ ಅಂದ ಮಾತು. ನೇಕಾರರ ಓಣಿಯಲ್ಲಿ ಮಗ್ಗ ನಿಲ್ಲಿಸಿ ಎನ್ನುವುದೂ ಒಂದೇ, ಕೃಷ್ಣೆಗೆ ಹರಿಯಬೇಡ ಎನ್ನುವುದೂ ಒಂದೇ.

ಕಾಕು ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ಪಕ್ಕದ ಮನೆಯಿಂದ ಅವರ ದನಿ ಕೇಳಿಸಿತು. “ಮಗ್ಗ ಬಂದ್ ಮಾಡೋ, ಚಾ ಕುಡಿಯೂದು ಬ್ಯಾಡೇನು ನಿನಗ?” ಒಂದು ಮಗ್ಗ ನಿಂತಿತು. ಇನ್ನೊಂದು... ಮತ್ತೊಂದು... ದುಡಿಮೆಯ ಹೊತ್ತದು, ಆದರೂ ಯಾರೂ ಎದುರಾಡಲಿಲ್ಲ. ನಮ್ಮಲ್ಲಿ ಕರೆಂಟ್ ಇದ್ದೂ ಓಣಿಯ ಮಗ್ಗಗಳು ನಿಂತರೆ ಯಾರೋ ತೀರಿಕೊಂಡರೆಂದೇ ಅರ್ಥ. ಹಿಂದಿನ ಓಣಿಯ ಹಿರಿಯರೊಬ್ಬರು ಹೆಗಲಿಗೆ ಟಾವೆಲ್ ಹಾಕಿಕೊಂಡು ಏದುಸಿರು ಬಿಡುತ್ತ ಬಂದರು.

“ಯಾರು ಹೋದ್ರಬೇ?”

“ಯಾರೂ ಹೋಗಿಲ್ರೀ. ಹೋಗಬಾರದಂತನ ನಿಲ್ಲಿಸೇವಿ. ಸುಮ್ನ ಕುಂದರ್ರಿ,” ಎಂದರು ಕಾಕು.

ಅವರೂ ಕೂತರು. ನೇಕಾರರು ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತು ನನ್ನ ತೆರೆಯನ್ನೇ ನೋಡುತ್ತಿದ್ದರು. ಅಂಕಿ ತೆವಳಿತು, ನಿಂತಿತು, ಮತ್ತೆ ತೆವಳಿತು... ಅಂತೂ ದಾಟಿತು. ಎಸ್‌ಎಸ್‌ಡಿಯನ್ನು ಪಾಟಿಯೊಳಗೆ ಕೂರಿಸಿ ಗುಂಡಿ ಒತ್ತಿದೆ. ಕಾಕು ಕನ್ನಡಕ ಏರಿಸಿಕೊಳ್ಳುವುದರೊಳಗೆ ತೆರೆ ಬೆಳಗಿತು. ಪ್ರೋಗ್ರಾಂ ಇತ್ತು, ದಡಿಗಳೆಲ್ಲ ಇದ್ದವು. ಶಹಬ್ಬಾಸ್ ಎನ್ನುತ್ತಾರೆಂದು ಕಾದೆ. “ಇಷ್ಟ ಲಗೂ ಚಾಲೂ ಆದ್ರ ನಾ ಚಾ ಯಾವಾಗ ಮಾಡ್ಕೊಳ್ಳಲೋ?” ಎಂದರು. ಆಮೇಲೆ ಬಾಗಿಲಲ್ಲಿ ನಿಂತವರಿಗೆ, ನಿಮಗೇನು ಕೆಲಸವಿಲ್ಲವೇ ಎಂದು ಗದರಿ ಓಡಿಸಿದರು. ಓಣಿಯನ್ನೇ ನಿಲ್ಲಿಸಿದವರು ಅವರು! ಅಂಥ ಗಿರಾಕಿಯನ್ನು ನಾನು ಮತ್ತೆ ಕಂಡಿಲ್ಲ. ಹೊಸದಾಗಿ ತುಂಬಿಕೊಡುತ್ತೇನೆ ಎಂದು ಈಗ ನಾನು ಯಾರಿಗೂ ಏಕಾಏಕಿ ಹೇಳುವುದಿಲ್ಲ, ಏನೇನು ಉಳಿಯಬೇಕು ಎಂದು ಮೊದಲು ಕೇಳುತ್ತೇನೆ. ಅದು ಅವರಿಂದ ಕಲಿತದ್ದು.

ಆಮೇಲೂ ಕೆಲವು ವರ್ಷ ಅದರ ಮೇಲೆಯೇ ಬರೆದರು. ಹಾಸಿಗೆ ಹಿಡಿದಾಗಲೂ ದಿಂಬಿಗೆ ಒರಗಿ ಬರೆಯುತ್ತಿದ್ದರಂತೆ...

ಈಗ ಸೊಸೆ ಬರೆಯತೊಡಗಿದ್ದಾಳೆ. ಪಾಟಿ ಕೆಟ್ಟಿರಲಿಲ್ಲ. “ಅಣ್ಣಾರ, ಪೆನ್ನು ಊರಿದಲ್ಲಿ ಗೆರಿ ಬೀಳಂಗಿಲ್ರೀ, ಬಾಜೂಕ ಬೀಳತೈತಿ. ಏನರ ತೆಗಿಬೇಕಂದ್ರ ಮೆನು ನನ್ನ ಕೈ ಬುಡಕನ ಬಿಚ್ಚಿಕೊಳ್ಳತೈತಿ, ಕಾಣಂಗಿಲ್ಲ,” ಎಂದಳು.

ಸೆಟ್ಟಿಂಗ್ ತೆರೆದು ನೋಡಿದೆ. ಎಡಗೈ ಎಂದಿತ್ತು. ಕಾಕು ಎಡಗೈಯಲ್ಲಿ ಬರೆಯುವವರು. ಎಂದೋ ತಮ್ಮ ಕೈಗೆ ತಕ್ಕಂತೆ ಹೊಂದಿಸಿಕೊಂಡಿದ್ದರು. ಅಂದು ಪ್ರೋಗ್ರಾಮಿನ ಜೊತೆಗೆ, ದಡಿಗಳ ಜೊತೆಗೆ, ಅವರ ಆ ಎಡಗೈಯನ್ನೂ ನಾನು ತಿಳಿಯದೆಯೇ ಕೆಚ್ಚಿ ಕೊಟ್ಟಿದ್ದೆ.

ಸೊಸೆ ಕಾಯುತ್ತಿದ್ದಳು. ಬಲಗೈಗೆ ಬದಲಿಸಿದೆ. ಪಾಟಿ ಅವಳ ಕೈಗೆ ಹೊಂದಿಕೊಳ್ಳಲೆಂದು ಪೆನ್ನು ಕೊಟ್ಟು ತೆರೆಯ ನಾಲ್ಕೂ ಮೂಲೆ ಮುಟ್ಟಿಸಿದೆ. ಅವಳು ಒಂದು ಗೆರೆ ಎಳೆದು, “ಈಗ ಬರೋಬ್ಬರಿ ಆತ್ರಿ,” ಎಂದಳು. ಹೌದು, ಗೆರೆ ಸರಿಯಾಗಿಯೇ ಬಂದಿತ್ತು. ನನಗೆ ತಡೆಯಲಾಗಲಿಲ್ಲ. ಚಹಾ ಹೇಳಿ ಬರುತ್ತೇನೆಂದು ಹೊರಗೆ ಹೋಗಿ ಅತ್ತೆ.